ನಾನು ಬಣ್ಣದಲ್ಲಿ ಅದ್ದಿಸಿದ ನಾಲ್ಕು ರೇಡಿಯೇಟರುಗಳು

ದಸರಾ ಮುಗಿದು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಲಾರಿಯೊಂದನ್ನು ಬೇರೆ ಯಾರದೋ ಲಾರಿಯ ಹಿಂದೆ ಸರಪಳಿ ಬಿಗಿದು ಎಳೆದು ತಂದರು. ಖಂಡಾಲಾ ಘಾಟಿನ ಅರ್ಧ ದಾರಿಯಲ್ಲಿ ಇಂಜಿನು ವಿಪರೀತ ಕಾದು, ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡು, ಗಾಡಿ ಇದ್ದಲ್ಲೇ ನಿಂತುಬಿಟ್ಟಿತ್ತು. ಮುಂಬಯಿಯ ಪರೇಲ್‌ನ ಗಿರಣಿಗಳಿಂದ ಬಟ್ಟೆಯ ಬೇಲುಗಳನ್ನು ಪುಣೆಗೆ ಸಾಗಿಸುವ ಸಣ್ಣ ಕಂಪನಿ ನಮ್ಮದು. ಇದ್ದದ್ದು ಆರೇ ಲಾರಿ. ಅವುಗಳ ರಿಪೇರಿ ನಡೆಯುವ ತಗಡಿನ ಶೆಡ್ಡಿಗೆ ನಾನು ಸೂಪರ್‌ವೈಸರ್. ಐವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರು ವಯಸ್ಸು, ಆ ಕುರ್ಚಿಯಲ್ಲಿ ಕುಳಿತು ಏಳು ತಿಂಗಳು, ಜಂಬ ಮಾತ್ರ ಕುರ್ಚಿಗಿಂತ ದೊಡ್ಡದಾಗಿತ್ತು.

ಎಳೆದು ತಂದ ಲಾರಿಯಿಂದ ಡ್ರೈವರ್ ಇಳಿದ. ವಿಜಾಪುರದ ಕಡೆಯವ, ನಲವತ್ತು ದಾಟಿದವ, ಹನ್ನೊಂದು ವರ್ಷದಿಂದ ಅದೇ ಘಾಟು ಹತ್ತಿ ಇಳಿದವ. ಯಾರೂ ಏನೂ ಕೇಳುವ ಮೊದಲೇ, "ಖೊಪೊಲಿಯೊಳಗ ಬಾಯಿತನಕ ನೀರ ತುಂಬೀನ್ರಿ. ದೇವ್ರಾಣಿ ತುಂಬೀನಿ" ಎಂದ. ಖೊಪೊಲಿ ಅಂದರೆ ಘಾಟು ಶುರುವಾಗುವ ಬುಡದ ಊರು.

ಕಂಪನಿಯ ಮಾಲೀಕರಾದ ಶೇಠ್ ಆಫೀಸಿನಿಂದ ಹೊರಗೆ ಬಂದು ಇಂಜಿನಿನ ಮೇಲೊಮ್ಮೆ, ಡ್ರೈವರ್ ಮೇಲೊಮ್ಮೆ ಕಣ್ಣು ಹಾಯಿಸಿದರು. ಲಾರಿ ಧಂದೆಯಲ್ಲಿ ಇಂಜಿನು ಕಚ್ಚಿಕೊಂಡಿತೆಂದರೆ ಒಂದೇ ಅರ್ಥ: ಡ್ರೈವರ್ ನೀರು ಹಾಕಲು ಮರೆತ. ಇದಕ್ಕೆ ಬೇರೆ ವಿಚಾರಣೆ ಬೇಡ. ಶಾಖ ತೋರಿಸುವ ಮುಳ್ಳುಗಳು ನಮ್ಮ ಯಾವ ಗಾಡಿಯಲ್ಲೂ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಸಾಕ್ಷಿಯೂ ಇರಲಿಲ್ಲ.

"ಪಾನಿ ಡಾಲಾ ಥಾ, ಸಬ್ ಐಸಾ ಹೀ ಬೋಲ್ತಾ ಹೈ" ಎಂದರು ಶೇಠ್. ಎಲ್ಲರೂ ಹಾಗೇ ಹೇಳುತ್ತಾರೆ ಎಂದು. ನನ್ನ ಕಡೆ ತಿರುಗಿ, ಕಾರಣ ಬರೆದು ಕೊಡು ಎಂದು ಹೇಳಿ ಒಳಗೆ ಹೋದರು.

ನಾನು ಬಾನೆಟ್ ಎತ್ತಿದೆ. ಇಂಜಿನಿನ ನೀರನ್ನು ಗಾಳಿಗೆ ತಣಿಸುವ ರೇಡಿಯೇಟರು ಬೆಳ್ಳಿಯ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ಫ್ಯಾನಿನ ಕಡೆಯಿಂದ ಬಗ್ಗಿ, ಅದರ ತೆಳು ತಗಡುಗಳ ಸಂದಿಯಿಂದ ಆಚೆಯ ಬಿಸಿಲನ್ನು ನೋಡಿದೆ. ಜರಡಿಯಲ್ಲಿ ಕಂಡ ಹಾಗೆ ಬೆಳಕು ಕಾಣಬೇಕಿತ್ತು. ಕಂಡದ್ದು ಅಲ್ಲೊಂದು ಇಲ್ಲೊಂದು ಚುಕ್ಕಿ. ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, "ಇಂಜಿನು ಬಿಚ್ಚಿ ನೋಡಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳುವಷ್ಟೂ ಪ್ರಾಮಾಣಿಕನಾಗಿರಲಿಲ್ಲ.

ಯಾಕೆಂದರೆ ಆ ಬಣ್ಣ ನನ್ನದು. ಖಂಡೇನವಮಿಯ ಆಯುಧಪೂಜೆಗೆ ಮುಂಚೆ ಪ್ರತಿ ವರ್ಷ ಶೆಡ್ಡಿನಲ್ಲಿ ಇಂಜಿನುಗಳನ್ನು ತೊಳೆದು ಬೆಳ್ಳಿ ಬಣ್ಣ ಬಳಿಯುವ ಪದ್ಧತಿ. ಪೂಜೆಯ ದಿನ ಬಾನೆಟ್ ಎತ್ತಿಟ್ಟು, ಇಂಜಿನಿಗೆ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದರು. ಈ ಬಣ್ಣದ ಉಸ್ತುವಾರಿ ಬೆಳಗಾವಿಯ ಹಿರಿಯ ಮಿಸ್ತ್ರಿಯದು. ಮಿಸ್ತ್ರಿ ಬ್ರಷ್ಷು ಹಿಡಿದು ರೇಡಿಯೇಟರಿನ ಮುಂಭಾಗಕ್ಕೆ ಒಂದು ಗೆರೆ, ಮೇಲಿನ ಟ್ಯಾಂಕಿಗೆ ಒಂದು ಕೈ ಎಳೆದು ಮುಗಿಸುತ್ತಿದ್ದರು. ಒಂದು ಗಾಡಿಗೆ ಅರ್ಧ ದಿನ ಹೋಗುತ್ತಿತ್ತು. ಆ ವರ್ಷ ನಾನು ಬುದ್ಧಿವಂತಿಕೆ ತೋರಿಸಿದೆ. ರೇಡಿಯೇಟರು ಬಿಚ್ಚಿ, ತಗಡಿನ ತೊಟ್ಟಿಯಲ್ಲಿ ಬಣ್ಣ ತುಂಬಿ, ಅದ್ದಿ ತೆಗೆದರೆ ಹತ್ತು ನಿಮಿಷದ ಕೆಲಸ ಎಂದೆ. ಮಿಸ್ತ್ರಿಗೂ ಅದು ಬಹಳ ಹಿಡಿಸಿತು, ನನ್ನಂತೆ ಸಮಯ ಉಳಿಯುತ್ತದೆಂದಲ್ಲ, ದೇವಿಯ ಮುಂದೆ ಯಾವ ಮೂಲೆಯೂ ಬಣ್ಣವಿಲ್ಲದೆ ಉಳಿಯುವುದಿಲ್ಲವೆಂದು. ಒಮ್ಮೆ ಅದ್ದಿ, ಒಣಗಿಸಿ, ಭಕ್ತಿಯಿಂದ ಇನ್ನೊಮ್ಮೆ ಅದ್ದಿದರು. ಹೀಗೆ ನಾಲ್ಕು ಗಾಡಿಗಳದ್ದಾಯಿತು. ಉಳಿದ ಎರಡು ಲಾರಿ ಪುಣೆಯಿಂದ ಪೂಜೆಯ ಬೆಳಿಗ್ಗೆಯಷ್ಟೇ ಬಂದದ್ದರಿಂದ ಅವಕ್ಕೆ ಹಳೆಯ ಹಾಗೆ ಬ್ರಷ್ಷಿನ ಒಂದು ಗೆರೆಯೇ ಗತಿಯಾಯಿತು. ಶೇಠ್ ಬಂದು ನೋಡಿ ನನ್ನ ಬೆನ್ನು ತಟ್ಟಿದ್ದರು.

ಈಗ ಡ್ರೈವರನ್ನು ಸ್ಟೇರಿಂಗಿನಿಂದ ಇಳಿಸಿ ಅಂಗಳದಲ್ಲಿ ಪೀಪಾಯಿ ಉರುಳಿಸಲು, ಟೈರು ತೊಳೆಯಲು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನಗೆ ದಿನಕ್ಕೆ ಹತ್ತು ಸಲ ನೆನಪಾಗುತ್ತಿತ್ತು. ಕೆಲಸದಿಂದ ತೆಗೆಯುವಾಗ ಶೇಠ್ ಕೊಡುವ ಕಾಗದದಲ್ಲಿ "ನಿರ್ಲಕ್ಷ್ಯ" ಎಂಬ ಒಂದು ಶಬ್ದ ಬಂದರೆ ಮುಂಬಯಿಯ ಯಾವ ಲಾರಿ ಕಂಪನಿಯೂ ಆತನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಡ್ರೈವಿಂಗ್ ಬಿಟ್ಟು ಬೇರೆ ಕಸುಬು ಆತನಿಗೆ ಗೊತ್ತಿರಲಿಲ್ಲ. ನಾನು ಶೇಠರ ಹತ್ತಿರ ಎರಡು ವಾರದ ಅವಧಿ ಕೇಳಿದೆ, ನಿಜವಾದ ಕಾರಣ ಹುಡುಕುತ್ತೇನೆ ಎಂದು. ಹೊರಗಿನಿಂದ ನೋಡಿದವರಿಗೆ ಅದು ದೊಡ್ಡ ಮನಸ್ಸಿನಂತೆ ಕಂಡಿರಬೇಕು.

ಹುಡುಕಿದೆ, ನಿಜ. ಬೇರೆ ಏನಾದರೂ ಕಾರಣ ಸಿಗಲಿ ಎಂದು ದೇವರಿಗೆ ಮೊರೆಯಿಡುತ್ತಾ ಹುಡುಕಿದೆ. ನೀರಿನ ಪಂಪು ಬಿಚ್ಚಿದೆ, ರೆಕ್ಕೆ ಸರಿಯಿತ್ತು. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಸಿಲಿಂಡರಿನ ಸುತ್ತ ನೀರು ಓಡುವ ಜಾಗದಲ್ಲಿ ಸುಣ್ಣ ಕಟ್ಟಿದೆಯೇ ಎಂದು ತಂತಿ ಹಾಕಿ ಕೆರೆದೆ, ಬಂದದ್ದು ಚಿಟಿಕೆ ತುಕ್ಕು. ರೇಡಿಯೇಟರಿನ ಕೊಳವೆಗಳೊಳಗೆ ನೀರು ಬಿಟ್ಟೆ, ಸರಾಗ ಹರಿಯಿತು. ಒಳಗೆ ಎಲ್ಲಾ ಸರಿ. ದಾದರ್‌ನಲ್ಲಿದ್ದ ನನ್ನ ಕೋಣೆಗೆ ಹೋದರೂ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಟ್ರಾಮಿನಲ್ಲಿ ಜಾಗ ಸಿಕ್ಕರೂ ನಿಂತೇ ಇರುತ್ತಿದ್ದೆ.

ಈ ನಡುವೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅದ್ದಿದ ಉಳಿದ ಮೂರು ಗಾಡಿಗಳ ಡ್ರೈವರುಗಳು ದಸರಾ ನಂತರ ತಲಾ ನಾಲ್ಕು ಕ್ಯಾನು ನೀರು ಒಯ್ಯುತ್ತಿದ್ದರು. ಯಾಕೆಂದು ಕೇಳಿದರೆ ಅಕ್ಟೋಬರದ ಬಿಸಿಲು ಎನ್ನುತ್ತಿದ್ದರು. ಘಾಟಿನಲ್ಲಿ ಮತ್ತೆ ಮತ್ತೆ ನಿಂತು, ಕುದಿಯುವ ನೀರು ಚೆಲ್ಲಿ, ಹೊಸ ನೀರು ಹಾಕಿ, ಬಾಯಿಮುಚ್ಚಿಕೊಂಡು ಬರುತ್ತಿದ್ದರು. ಹೇಳಿದರೆ ತಮ್ಮ ತಲೆಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಬ್ರಷ್ಷಿನ ಗೆರೆಯ ಎರಡು ಗಾಡಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಆ ಡ್ರೈವರುಗಳು ಜಾಗರೂಕರು ಎಂದು ಶೇಠ್ ಅವರನ್ನು ಹೊಗಳುತ್ತಿದ್ದರು.

ಅಂದರೆ ಬಣ್ಣವೇ. ಇಷ್ಟಾದ ಮೇಲೆ ಅದನ್ನು ಅಲ್ಲಗಳೆಯಲು ಸಾಧ್ಯವಿರಲಿಲ್ಲ. ಆದರೆ ಬಣ್ಣದಲ್ಲಿಯೂ ನನ್ನ ಪಾಲು, ಇತರರ ಪಾಲು ಎಂದು ಎರಡಿತ್ತು. ಅದ್ದುವ ಉಪಾಯ ನನ್ನದು, ಬೆಳ್ಳಿ ಬಣ್ಣದ ಆಯ್ಕೆ ಶೇಠರದು. ತಪ್ಪು ಬೆಳ್ಳಿಯದಾದರೆ ನಾನು ಬಚಾವು.

ಪರೇಲ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಮಾಲೀಕರು ನನ್ನೂರಿನ ಪಕ್ಕದವರು. ಎರಡು ಹಿತ್ತಾಳೆ ಲೋಟ ಕೊಡಿ, ಒಂದಕ್ಕೆ ಬೆಳ್ಳಿ ಬಣ್ಣ, ಒಂದಕ್ಕೆ ಮಸಿ ಬಳಿದು ಬಿಸಿನೀರು ಹಾಕಿ ಯಾವುದು ಬೇಗ ತಣಿಯುತ್ತದೆ ನೋಡಬೇಕು ಎಂದೆ.

"ಅದಕ್ಕೆಂತ ಪರೀಕ್ಷೆ ಮಾರಾಯ್ರೆ?" ಎಂದು ಅವರು ಗಲ್ಲಾ ಪೆಟ್ಟಿಗೆಯಿಂದ ಕಣ್ಣೆತ್ತದೆ ಹೇಳಿದರು. "ಸಾಂಬಾರಿನ ಎರಡು ಪಾತ್ರೆ ಉಂಟು ನಮ್ಮಲ್ಲಿ. ಹೊರಗೆ ಮಸಿ ಹಿಡಿದದ್ದು ಬೇಗ ತಣಿಯುತ್ತದೆ. ಹುಳಿ ಹಾಕಿ ಬೆಳಗಿದ್ದು ಬಿಸಿ ಹಿಡ್ಕೊಳ್ತದೆ. ಅಡುಗೆ ಭಟ್ರಿಗೆ ಸಹ ಗೊತ್ತುಂಟು."

ಆದರೂ ಪರೀಕ್ಷೆ ಮಾಡಿದೆ. ಗಿರಣಿಯ ಬಣ್ಣದ ಖಾತೆಯಿಂದ, ಅಂದರೆ ಬಟ್ಟೆಗೆ ರಂಗು ಹಾಕುವ ಇಲಾಖೆಯಿಂದ, ಹಿತ್ತಾಳೆ ಕವಚದ ಉದ್ದನೆಯ ಥರ್ಮಾಮೀಟರೊಂದನ್ನು ಕೇಳಿ ತಂದಿದ್ದೆ. ಮಾಲೀಕರು ಹೇಳಿದ್ದೇ ಸರಿ. ಕಪ್ಪು ಲೋಟ ಬೇಗ ತಣಿಯಿತು, ಬೆಳ್ಳಿ ಲೋಟ ಹಿಂದೆ ಉಳಿಯಿತು. ನಾನು ಹೋಟೆಲಿನ ಮೇಜಿನ ಮುಂದೆ ಒಬ್ಬನೇ ನಕ್ಕೆ. ಕುಣಿಯಲಾರದವಳಿಗೆ ಡೊಂಕು ನೆಲ ಸಿಕ್ಕಿತ್ತು.

ಮರುದಿನವೇ ಅದ್ದಿದ ಗಾಡಿಗಳಲ್ಲೊಂದನ್ನು ಹಿಡಿದು, ರೇಡಿಯೇಟರಿನ ಬೆಳ್ಳಿಯ ಮೇಲೆ ದಟ್ಟವಾಗಿ ಕಪ್ಪು ಬಳಿಸಿದೆ. ಬೇಲು ಹೇರಿಸಿ, ಡ್ರೈವಿಂಗಿಗೆ ಅದೇ ಡ್ರೈವರೇ ಬರಲಿ ಎಂದು ಶೇಠರ ಹತ್ತಿರ ಹಟ ಮಾಡಿದೆ. ಆತನ ಕೈಯಲ್ಲೇ ಗಾಡಿ ಘಾಟು ಹತ್ತಿದರೆ ಆತನ ಹೆಸರೂ ಉಳಿಯುತ್ತದೆ, ನನ್ನದೂ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಖೊಪೊಲಿಯಲ್ಲಿ ನನ್ನ ಕಣ್ಣೆದುರೇ ನೀರು ತುಂಬಿಸಿದೆವು. ಏರು ಶುರುವಾಯಿತು. ಮೊದಲ ತಿರುವಿನಲ್ಲಿ ನಿಲ್ಲಿಸಿ ಥರ್ಮಾಮೀಟರ್ ಇಳಿಬಿಟ್ಟೆ, ನೂರ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಎರಡನೆಯದರಲ್ಲಿ ಇನ್ನೂರ ನಾಲ್ಕು; ಇನ್ನೂರ ಹನ್ನೆರಡಕ್ಕೆ ನೀರು ಕುದಿಯುತ್ತದೆ. ಮೂರನೆಯ ತಿರುವು ಮುಟ್ಟುವ ಮೊದಲೇ ಮುಚ್ಚಳದ ಸುತ್ತ ಹಬೆ ಬುಸುಗುಟ್ಟಿತು. ಮೊದಲ ಗಾಡಿ ಕಚ್ಚಿಕೊಂಡ ಜಾಗಕ್ಕಿಂತ ಕೆಳಗೇ. ಡ್ರೈವರ್ ಗಾಡಿ ಬದಿಗೆ ಹಾಕಿ, ಕೆಳಗಿಳಿದು, ಕಲ್ಲಿನ ಮೇಲೆ ಕುಳಿತ. ನಾನು ಗಾಡಿಯ ಸುತ್ತ ತಿರುಗಿದೆ, ಮತ್ತೆ ತಿರುಗಿದೆ, ಕೊನೆಗೆ ಟೈರಿಗೆ ಒದ್ದೆ.

ಇದರಿಂದ ಆದ ಅನಾಹುತ ಶೆಡ್ಡಿಗೆ ಬಂದ ಮೇಲೆ ತಿಳಿಯಿತು. ಶೇಠರಿಗೆ ಕಂಡದ್ದು ಒಂದೇ: ಗಾಡಿ ಬೇರೆ, ಬಣ್ಣ ಬೇರೆ, ಡ್ರೈವರ್ ಮಾತ್ರ ಅವನೇ. "ದೋ ಬಾರ್ ಹೋಗಯಾ. ಸೋಮವಾರ್ ಕಾಗಜ್ ದೇ ದೋ ಉಸ್ಕೋ" ಎಂದರು. ಎರಡು ಸಲವಾಯಿತು, ಸೋಮವಾರ ಕಾಗದ ಕೊಟ್ಟು ಕಳಿಸು ಎಂದು. ನೀರು ನನ್ನ ಕಣ್ಣೆದುರೇ ತುಂಬಿಸಿದ್ದೆವು ಎಂದೆ. ಗೇರು ತಪ್ಪು ಹಾಕಿ ಇಂಜಿನಿಗೆ ವಿಪರೀತ ಶ್ರಮ ಕೊಟ್ಟಿರಬೇಕು ಎಂದರು. ಅವತ್ತು ಶುಕ್ರವಾರ.

ಭಾನುವಾರ ಮಧ್ಯಾಹ್ನ ಡ್ರೈವರ್ ನನ್ನ ಕೋಣೆಗೆ ಬಂದ. ಆಂಟಾಪ್ ಹಿಲ್‌ನ ತನ್ನ ಚಾಳಿನಿಂದ ನಡೆದೇ ಬಂದಿದ್ದ. ಚಹಾ ಬೇಡವೆಂದ. ಬಾಗಿಲ ಹತ್ತಿರವೇ ಕುಳಿತು ನೆಲ ನೋಡುತ್ತ ಹೇಳಿದ:

"ನಾನ ಮರ್ತಿರಬೇಕ್ರಿ. ಮೊದಲನೇ ಸಲದ್ದು. ದಿನಾ ವಿಚಾರ ಮಾಡ್ತೀನಿ. ಖೊಪೊಲಿಯೊಳಗ ಕ್ಯಾನ್ ತಗೊಂಡಿದ್ದು ನೆನಪೈತಿ, ನಳದ ಕಡೆ ಹೋಗಿದ್ದು ನೆನಪೈತಿ. ತುಂಬಿದ್ದು ಆವತ್ತಿಂದೋ ಅದರ ಹಿಂದಿನ ಸಲದ್ದೋ ಗೊತ್ತಾಗವಲ್ದು. ಹೆಂಡ್ತಿ ಕೇಳಿದ್ಲು, ಮರ್ತಿರಬೇಕು ಅಂದೆ. ನೀವು ನನ್ನ ಸಲುವಾಗಿ ಭಾಳ ಓಡ್ಯಾಡೀರಿ. ಸಾಕ್ರಿ. ತಪ್ಪಾತು ಅಂತ ಬರಕೊಡ್ತೀನಿ, ಅಂಗಳದಾಗರ ಇಟ್ಕೊಳ್ರಿ ಅಂತ ಶೇಠ್‌ಗ ಹೇಳ್ರಿ."

ಆತ ನನಗೆ ಕೈ ಮುಗಿದ. ನಾನು ನಾಚಿಕೆಯಿಂದ ಸತ್ತೆ. ಒಬ್ಬ ಮನುಷ್ಯ ತನ್ನ ನೆನಪನ್ನೇ ನಂಬದ ಸ್ಥಿತಿಗೆ ಬರಲು ಹದಿನೈದು ದಿನ ಸಾಕಾಗಿತ್ತು, ಆ ಹದಿನೈದು ದಿನವನ್ನು ಶೇಠರ ಹತ್ತಿರ ಕೇಳಿ ಪಡೆದವನು ನಾನೇ. "ನಾಳೆ ಬೆಳಿಗ್ಗೆ ಬನ್ನಿ, ಏನೂ ಬರೆಯಬೇಡಿ" ಎಂದಷ್ಟೇ ಹೇಳಿದೆ. ಅಷ್ಟೇ ಹೇಳಿದೆನಲ್ಲ ಎಂದು ಆತ ಹೋದ ಮೇಲೆ ನನ್ನನ್ನೇ ಬೈದುಕೊಂಡೆ.

ಸೋಮವಾರ ಶೇಠ್ ಬರುವ ಮೊದಲೇ ಆಫೀಸಿನ ಬಾಗಿಲಲ್ಲಿ ನಿಂತಿದ್ದೆ. ತಪ್ಪು ಡ್ರೈವರದ್ದಲ್ಲ, ಬೆಳ್ಳಿ ಬಣ್ಣದ್ದೂ ಅಲ್ಲ, ರೇಡಿಯೇಟರನ್ನು ಬಣ್ಣದಲ್ಲಿ ಅದ್ದಿಸಿದವನು ನಾನು, ಗಾಳಿ ಹೋಗುವ ಸಂದಿಗಳೆಲ್ಲ ಮುಚ್ಚಿವೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಸರಿ, ಬಣ್ಣ ತೆಗೆದು ತೋರಿಸು, ಅದೇ ಗಾಡಿ, ಅದೇ ಡ್ರೈವರ್, ಅಷ್ಟೇ ಭಾರ, ಈ ಸಲವೂ ಕುದಿದರೆ ಎರಡು ಕಾಗದ ಬರೆಯುತ್ತೇನೆ, ಒಂದು ಅವನಿಗೆ, ಒಂದು ನಿನಗೆ ಎಂದರು. ವಿಚಿತ್ರವೆಂದರೆ ಆಗ ನನಗೆ ಹಸಿವಾಯಿತು. ಎಷ್ಟೋ ದಿನದಿಂದ ಆಗಿರಲಿಲ್ಲ.

ಆದರೆ ಬಣ್ಣ ತೆಗೆಯಲು ಮಿಸ್ತ್ರಿ ಒಪ್ಪಬೇಕಲ್ಲ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತರು.

"ಪೂಜಾ ಮಾಡಿದ ರಂಗ ಐತಿ ಅದು. ಪುಢಚ್ಯಾ ದಸರಾತನಕ ಅದಕ್ಕ ಕೈ ಹಚ್ಚಬಾರ್ದು. ಮೊನ್ನೆ ನೀವು ಅದರ ಮ್ಯಾಲ ಕರೀ ಬಳದ್ರಿ, ಏನಾತು? ಇನ್ನೂ ಲವಕರ ಕುದೀತು. ದೇವಿ ಸಿಟ್ಟಾಗ್ಯಾಳ."

ಅವರ ಬೆಳಗಾವಿ ಮಾತಿನಲ್ಲಿ ಪುಢಚ್ಯಾ ಅಂದರೆ ಮುಂದಿನ, ಲವಕರ ಅಂದರೆ ಬೇಗ. ನಾನು ವಾದಕ್ಕೆ ಇಳಿಯಲಿಲ್ಲ. ಬ್ರಷ್ಷಿನ ಗೆರೆಯ ಗಾಡಿಯೊಂದು ಅಂಗಳದಲ್ಲಿತ್ತು. ಅದನ್ನು ಶುರು ಮಾಡಿಸಿ, ನಿಮ್ಮ ಬೀಡಿ ಹಚ್ಚಿ ರೇಡಿಯೇಟರಿನ ಮುಂದೆ ಹಿಡಿಯಿರಿ ಎಂದೆ. ಮಿಸ್ತ್ರಿ ಅನುಮಾನದಿಂದಲೇ ಹಿಡಿದರು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿತ್ತು. ಬೀಡಿಯ ಹೊಗೆ ದಾರದ ಹಾಗೆ ನೆಟ್ಟಗೆ ರೇಡಿಯೇಟರಿನ ಸಂದಿಗಳೊಳಗೆ ಹೋಯಿತು. ಆಮೇಲೆ ಅದ್ದಿದ ಗಾಡಿಯನ್ನು ಶುರು ಮಾಡಿಸಿದೆ. ಹೊಗೆ ರೇಡಿಯೇಟರಿನ ಹತ್ತಿರ ಹೋಗಿ, ಅಲ್ಲಿ ತಡವರಿಸಿ, ಮೇಲಕ್ಕೆದ್ದು ಮಿಸ್ತ್ರಿಯ ಮುಖಕ್ಕೇ ಬಂತು. ಅವರು ಜಾಗ ಬದಲಿಸಿ ಹಿಡಿದರು. ಕೆಳಗೆ, ಮೇಲೆ, ಎಡಕ್ಕೆ. ಎಲ್ಲೋ ಎರಡು ಕಡೆ ಮಾತ್ರ ಹೊಗೆ ಒಳಗೆ ಹೋಯಿತು.

"ಉಸಿರ ಕಟ್ಟೇತಿ ಇದಕ್ಕ" ಎಂದರು. ಬೀಡಿ ಸುಡುತ್ತ ಬೆರಳಿಗೆ ಬಂದರೂ ಎಸೆಯಲಿಲ್ಲ. "ನಾನ ಎರಡು ಸಲ ಅದ್ದಿದ್ನಲ್ಲ."

"ಅದ್ದಿ ಅಂದದ್ದು ನಾನು" ಎಂದೆ.

ಮಿಸ್ತ್ರಿ ಒಂದು ಷರತ್ತು ಹಾಕಿದರು. ಮೇಲಿನ ಟ್ಯಾಂಕಿನ ಬೆಳ್ಳಿಯನ್ನೂ ಅದರ ಮೇಲಿನ ಕುಂಕುಮವನ್ನೂ ಮುಟ್ಟಬಾರದು. ಅಲ್ಲಿ ಸಂದಿಗಳಿಲ್ಲ, ಬಣ್ಣವಿದ್ದರೂ ದೊಡ್ಡ ನಷ್ಟವಿಲ್ಲ, ಒಪ್ಪಿದೆ. ಟ್ಯಾಂಕು ಮೇಲೆ ಉಳಿಯುವ ಹಾಗೆ ರೇಡಿಯೇಟರನ್ನು ಹಗ್ಗದಲ್ಲಿ ಹೇಗೆ ಇಳಿಸುವುದು ಎಂದು ನಾನು ತಡಬಡಿಸುತ್ತಿದ್ದರೆ ಅವರೇ ಅದನ್ನು ನೆಟ್ಟಗೆ ಹಿಡಿದು, ಕಾಸ್ಟಿಕ್ ಸೋಡಾದ ಬಿಸಿನೀರಿನ ಹಂಡೆಗೆ ಕುತ್ತಿಗೆವರೆಗೆ ಇಳಿಸಿದರು. ಬೆಳ್ಳಿ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ, ಸೋಡಾ ತಗಲಿದೊಡನೆ ಹಾಲು ಉಕ್ಕಿದ ಹಾಗೆ ನೊರೆಯೆದ್ದಿತು. ಬೆಸುಗೆ ಹಾಳಾಗದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ, ಎತ್ತಿ, ತೊಳೆದು, ಸಂದಿಗಳಿಗೆ ಬಿದಿರಿನ ಕಡ್ಡಿ ಹಾಕಿ ಕೆರೆದೆವು. ಸಂಜೆಯವರೆಗೂ ಕೆರೆದೆವು. ಕಪ್ಪು, ಬೆಳ್ಳಿ, ಬೆಳ್ಳಿ ಎಂದು ಮೂರು ಪದರ ಸೇರಿ ಪೋಸ್ಟ್‌ಕಾರ್ಡಿನಷ್ಟು ದಪ್ಪದ ಚಕ್ಕೆಗಳು ಉದುರಿದವು. ಗಾಳಿ ಹೋಗದಿದ್ದದ್ದು ಒಂದು, ಹೋದ ಅಲ್ಪ ಗಾಳಿಗೂ ತಾಮ್ರದ ಬಿಸಿ ತಲುಪದಂತೆ ಈ ಕಂಬಳಿ ಹೊದ್ದದ್ದು ಇನ್ನೊಂದು. ಲೋಟದ ಪರೀಕ್ಷೆ ಸುಳ್ಳಲ್ಲ. ಆದರೆ ಲೋಟ ಸುಮ್ಮನೆ ಮೇಜಿನ ಮೇಲೆ ನಿಂತಿರುತ್ತದೆ, ರೇಡಿಯೇಟರು ತನ್ನ ಬಿಸಿಯನ್ನು ಬಹುಪಾಲು ಓಡುವ ಗಾಳಿಯ ಕೈಗೆ ಕೊಡುತ್ತದೆ. ಅಲ್ಲಿ ಬಣ್ಣ ಯಾವುದು ಎಂಬುದಕ್ಕಿಂತ ಎಷ್ಟು ಎಂಬುದೇ ಮುಖ್ಯ. ಬರೀ ತಾಮ್ರ ಬಿಟ್ಟರೆ ಕಿಲುಬು ಹಿಡಿಯುತ್ತದೆಂದು, ಟರ್ಪೆಂಟೈನಿನಲ್ಲಿ ಮಸಿ ಕಲಸಿ ನೀರಿನಷ್ಟು ತೆಳ್ಳಗೆ ಮಾಡಿ, ಒಂದೇ ಒಂದು ಕೈ ಹಾಯಿಸಿ, ಒದ್ದೆಯಿರುವಾಗಲೇ ಸಂದಿಗಳಿಗೆ ಗಾಳಿ ಊದಿದೆವು.

ಬುಧವಾರ ಹೊರಟೆವು. ಅದೇ ಗಾಡಿ, ಅಷ್ಟೇ ಬೇಲು. ಪನವೇಲ್ ದಾಟುವವರೆಗೂ ನಾನು ಸುಮ್ಮನಿರಲಾರದೆ ರಸ್ತೆಯ ಬಗ್ಗೆ, ಗೇರಿನ ಬಗ್ಗೆ, ಬೇಡದ್ದೆಲ್ಲ ಒದರುತ್ತಿದ್ದೆ. ಖೊಪೊಲಿಯಲ್ಲಿ ನೀರು ತುಂಬಿಸಿದೆವು. ಮೊದಲ ತಿರುವಿನಲ್ಲಿ ನೂರ ಎಪ್ಪತ್ತೆರಡು. ಎರಡನೆಯದರಲ್ಲಿ ನೂರ ಎಂಬತ್ತು. ಮೂರನೆಯದು ಬಂತು, ಆತ ಗಾಡಿ ನಿಧಾನಿಸಿ ನನ್ನ ಮುಖ ನೋಡಿದ, ನಡೆಯಿರಿ ಎಂದೆ. ಇಂಜಿನು ಕಚ್ಚಿಕೊಂಡಿದ್ದ ಜಾಗವನ್ನು ದಾಟಿದೆವು. ಖಂಡಾಲಾದ ಮೇಲೆ ಸಮನೆಲ ಸಿಕ್ಕಾಗ ನಿಲ್ಲಿಸಿ ಮುಚ್ಚಳ ತೆಗೆದೆ. ನೂರ ಎಂಬತ್ತಾರು. ನೀರು ಅಲುಗದೆ ನಿಂತಿತ್ತು. ನನಗೆ ಕೂಗಬೇಕೆನ್ನಿಸಿತು.

ಎಲ್ಲವನ್ನೂ ಹೇಳಿದೆ. ಅದ್ದಿಸಿದ್ದು, ಸಂದಿ ಮುಚ್ಚಿದ್ದು, ಆತನದೇನೂ ತಪ್ಪಿಲ್ಲವೆಂದು. ಆತ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

"ಹಂಗಾರ ನಾ ನೀರ ಹಾಕಿದ್ನಿ."

"ಹಾಕಿದ್ದೀರಿ."

"ಯಾವತ್ತ ಗೊತ್ತಾತ್ರಿ ನಿಮಗ?"

ಕಪ್ಪು ಬಳಿದ ಗಾಡಿ ಕುದಿದ ಶುಕ್ರವಾರ ಎಂದಿದ್ದರೆ ನಡೆಯುತ್ತಿತ್ತು. ಆತ ನಂಬುತ್ತಿದ್ದ. "ಗಾಡಿ ಎಳೆದು ತಂದ ದಿನವೇ ಅನುಮಾನ ಬಂದಿತ್ತು" ಎಂದೆ.

ಆತ ಬೈಯಲಿಲ್ಲ. ಬೈಯಲಿ ಎಂದು ನಾನು ಕಾದೆ. ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಿಗಿದು, ಗಾಡಿ ಹತ್ತಿ, ಪುಣೆಯವರೆಗೆ ಓಡಿಸಿದ.

ಶೇಠ್ ಯಾವ ಕಾಗದವನ್ನೂ ಬರೆಯಲಿಲ್ಲ. ಆತನಿಗೆ ಸ್ಟೇರಿಂಗು ಮರಳಿ ಸಿಕ್ಕಿತು. ಉಳಿದ ರೇಡಿಯೇಟರುಗಳನ್ನೂ ಆ ವಾರವೇ ಸೋಡಾಕ್ಕೆ ಇಳಿಸಿದೆವು. ಡ್ರೈವರುಗಳು ಕ್ಯಾನುಗಳನ್ನು ಕಡಿಮೆ ಮಾಡಿದರು.

ಮರಳಿ ಡ್ಯೂಟಿಗೆ ಬಂದ ಮೊದಲ ಬೆಳಿಗ್ಗೆ ಆತ ಗಾಡಿಗೆ ನೀರು ತುಂಬಿ, ಶೆಡ್ಡಿನ ಬಾಗಿಲಿಗೆ ಬಂದು, "ಸೂಪರ್‌ವೈಸರ್ರ, ಸ್ವಲ್ಪ ಬರ್ರಿ" ಎಂದು ಕರೆದ. ಹೋದೆ. ಮುಚ್ಚಳ ತೆಗೆದೇ ಇತ್ತು. ಬಗ್ಗಿ ನೋಡಿ ಎಂದು ಕೈ ತೋರಿಸಿದ. ನೋಡಿದೆ. ನೀರು ಬಾಯಿತನಕ ಇತ್ತು.

"ಕಂಡ್ತಿಲ್ರಿ?" ಎಂದು ಕೇಳಿದ. ದನಿಯಲ್ಲಿ ವ್ಯಂಗ್ಯವಿರಲಿಲ್ಲ.

"ಕಂಡಿತು" ಎಂದೆ. ಆಮೇಲೆ ಮುಚ್ಚಳ ಹಾಕಿದ.

ನಾನು ಆ ಕೆಲಸದಲ್ಲಿ ಇನ್ನೂ ಮೂರು ವರ್ಷ ಇದ್ದೆ. ಆತ ನನ್ನೊಡನೆ ಚೆನ್ನಾಗಿಯೇ ಇದ್ದ, ಮಗಳ ಮದುವೆಗೂ ಕರೆದ. ಆದರೆ ಆ ಮೂರು ವರ್ಷದಲ್ಲಿ ಒಂದು ಬೆಳಿಗ್ಗೆಯೂ ನನ್ನನ್ನು ಕರೆದು, ನೀರು ತೋರಿಸಿ, ನನ್ನ ಬಾಯಿಂದ ಕಂಡಿತು ಎನ್ನಿಸದೆ ಗಾಡಿ ಹೊರಗೆ ತೆಗೆಯಲಿಲ್ಲ.